ಕಡಿಮೆ ಬೆಲೆಯ .32 ರಿವಾಲ್ವರ್ ನಮ್ಮ ಮಳೆಗೆ ತಡೆಯುತ್ತದಾ?

ಲಕ್ಷ, ಒಂದೂವರೆ ಲಕ್ಷ ರೂಪಾಯಿಯ ರಿವಾಲ್ವರನ್ನು ನಂಬಬಹುದಾ ಎಂದು ಈಚೆಗೆ ತುಂಬಾ ಜನ ನನ್ನಲ್ಲಿ ಕೇಳುತ್ತಾರೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಲ್ಲಿ ನನ್ನದು ಅಡಿಕೆ, ಕಾಳುಮೆಣಸಿನ ವ್ಯಾಪಾರ. ಸೀಸನ್ನಿನಲ್ಲಿ ದುಡ್ಡು ಹಿಡಿದುಕೊಂಡು ಎಣ್ಮಕಜೆ, ಬದಿಯಡ್ಕ, ಮುಳ್ಳೇರಿಯ, ಅಡೂರು ಕಡೆಯೆಲ್ಲ ಹೋಗಬೇಕಾಗುತ್ತದೆ. ಆ ಕಾರಣಕ್ಕೇ ಲೈಸೆನ್ಸ್ ಸಿಕ್ಕಿತು. ನನ್ನ ಹತ್ತಿರ ಇರುವುದು ಕಾನ್ಪುರದ ಸರಕಾರಿ ಕಾರ್ಖಾನೆಯ ಸಾದಾ ಸ್ಟೀಲಿನ .32 (ಇದು ನಳಿಗೆಯ ತೂತಿನ ಅಳತೆ, ಇಂಚಿನ ಲೆಕ್ಕದಲ್ಲಿ). ಸುತ್ತಮುತ್ತ ಲೈಸೆನ್ಸ್ ಇರುವ ಕೆಲವರ ಪರಿಚಯವೂ ಉಂಟು. ಅವರು ಹೇಳಿದ್ದನ್ನೂ ನಾನು ಕಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಉತ್ತರ ಮೊದಲೇ ಹೇಳುತ್ತೇನೆ. ಹೊಸತಾಗಿ ತೆಗೆದುಕೊಂಡ ಸಾದಾ ಸ್ಟೀಲಿನ .32 ರಿವಾಲ್ವರನ್ನು ನಂಬಬಹುದು. ಆದರೆ ನಮ್ಮ ಊರಿನ ಹವೆಯಲ್ಲಿ ಅದು ಕೈಕೊಡುವುದು ನೀವು ಅಂದುಕೊಂಡ ಜಾಗದಲ್ಲಿ ಅಲ್ಲ. ನಾನು ನೋಡಿದ ಹೆಚ್ಚಿನ ತೊಂದರೆ ಗುಂಡಿನದು. ಅದರ ನಂತರ ತುಕ್ಕು. ರಿವಾಲ್ವರಿನದೇ ದೋಷ ಎಂಬುದು ಇವೆರಡರ ಹಿಂದೆ ಬರುತ್ತದೆ. ಜನ ಮಾತ್ರ ಕಂಪನಿ ಯಾವುದು, ಮಾಡೆಲ್ ಯಾವುದು ಎಂದಷ್ಟೇ ಕೇಳುತ್ತಾರೆ. ಗುಂಡಿನ ಪೆಟ್ಟಿಗೆ ಯಾವ ವರ್ಷದ್ದು ಎಂದು ಒಬ್ಬರಾದರೂ ಕೇಳಬೇಕಲ್ವಾ?

ನಮಗೆ ಆಯ್ಕೆ ಕಡಿಮೆ. 9 ಮಿ.ಮೀ. ಪಿಸ್ತೂಲು ಸಾಮಾನ್ಯ ಜನರಿಗೆ ನಿಷಿದ್ಧ. ಪೊಲೀಸರು, ಸೈನ್ಯ ಬಳಸುವ ಅಳತೆಗಳು ನಮಗಿಲ್ಲ. ನಮ್ಮ ಪಾಲಿಗೆ ಉಳಿಯುವುದು ಮುಖ್ಯವಾಗಿ .32 ಮತ್ತು .22. ವಿದೇಶದಿಂದ ತರಿಸುವುದು 1980ರ ದಶಕದ ಮಧ್ಯದಿಂದ ಹೆಚ್ಚುಕಡಿಮೆ ನಿಂತೇ ಹೋಗಿದೆ. ಹಾಗಾಗಿ ಹಳೇ ಇಂಗ್ಲೆಂಡ್, ಅಮೆರಿಕದ ರಿವಾಲ್ವರುಗಳು ಈಗ ಕೈಯಿಂದ ಕೈಗೆ ಹೋಗುತ್ತಾ ಹಲವು ಲಕ್ಷಕ್ಕೆ ಏರಿವೆ. ಅವುಗಳ ಪಕ್ಕದಲ್ಲಿ ನಿಲ್ಲಿಸಿದಾಗ ಮಾತ್ರ ನಮ್ಮ ದೇಶದ್ದು ಕಡಿಮೆ ಬೆಲೆ. ತೋಟದ ಒಂಟಿನಳಿಗೆ ಕೋವಿಯ ಪಕ್ಕದಲ್ಲಿ ನಿಲ್ಲಿಸಿದರೆ ಇದು ದುಬಾರಿಯೇ.

ಇಲ್ಲೇ ಇನ್ನೊಂದು ಮಾತು. ಹಂದಿಗೆ ಎಂದು ರಿವಾಲ್ವರ್ ಕೇಳುವವರಿದ್ದಾರೆ. ಬೇಡ. ತೋಟಕ್ಕೆ ನುಗ್ಗುವ ಕಾಡುಹಂದಿಯನ್ನು ಹೊಡೆಸಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಸ್ಥಳೀಯಾಡಳಿತದ ಮುಖ್ಯಸ್ಥರಿಗೆ ಕೊಟ್ಟಿತು. ಆ ಕೆಲಸಕ್ಕೆ ಕೋವಿ ಬೇಕು, ಅನುಮತಿ ಇರುವ ಕೋವಿಯವರು ಬೇಕು. .32ರ ಗುಂಡು 6 ಗ್ರಾಂ ಚಿಲ್ಲರೆ ತೂಕದ ಸೀಸದ ತುಂಡು. ಹಂದಿಗೆ ಅದನ್ನು ಹೊಡೆದರೆ ಪ್ರಾಣಿಗೆ ಹಿಂಸೆ, ನಿಮಗೆ ಅಪಾಯ.

ಈಗ ನನ್ನದರ ವಿಷಯ. ಇದು ಮಧ್ಯಕ್ಕೆ ಮಡಚುವ ರಿವಾಲ್ವರ್. ಮೇಲೆ ಒಂದು ಚಿಲಕ, ಕೆಳಗೆ ಒಂದು ಕೀಲು. ಚಿಲಕ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ, ಗುಂಡು ತುಂಬುವ, ತಿರುಗುವ ಸಿಲಿಂಡರಿನ ಹಿಂಭಾಗ ತೆರೆದುಕೊಳ್ಳುತ್ತದೆ, ನಕ್ಷತ್ರದ ಆಕಾರದ ತಟ್ಟೆಯೊಂದು ಮೇಲೆದ್ದು ಹಾರಿದ ಗುಂಡಿನ ಖಾಲಿ ಕೋಶಗಳನ್ನು ಹೊರಗೆ ತಳ್ಳುತ್ತದೆ. ಇಂಗ್ಲೆಂಡಿನ ಹಳೇ ವೆಬ್ಲಿ ರಿವಾಲ್ವರಿನ ಕ್ರಮವೇ ಇದು. ಆರು ಗುಂಡು ಹಿಡಿಯುತ್ತದೆ. ನಳಿಗೆ ಮೂರು ಇಂಚು. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. ಆ ತೂಕ ನನಗೆ ಇಷ್ಟ. ಗುಂಡು ಹಾರಿದಾಗ ಕೈ ಎತ್ತಿ ಒಗೆಯುವುದಿಲ್ಲ.

ರಿವಾಲ್ವರಿನ ದೊಡ್ಡ ಗುಣ ಎಂದರೆ ಒಂದು ಗುಂಡು ಹಾರದಿದ್ದರೂ ಕೆಲಸ ನಿಲ್ಲುವುದಿಲ್ಲ. ಟ್ರಿಗರ್ ಇನ್ನೊಮ್ಮೆ ಎಳೆದರೆ ಸಿಲಿಂಡರ್ ತಿರುಗಿ ಮುಂದಿನ ಗುಂಡು ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ಹಾಗಲ್ಲ. ಅಲ್ಲಿ ಹಾರದ ಗುಂಡನ್ನು ಕೈಯಿಂದ ಎಳೆದು ಹೊರಗೆ ಹಾಕಬೇಕು. ಗಾಬರಿಯ ಹೊತ್ತಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ನಮ್ಮಂಥ, ದಿನಾ ಅಭ್ಯಾಸ ಮಾಡಲಾಗದ ಜನರಿಗೆ ರಿವಾಲ್ವರೇ ಸರಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಟ್ರಿಗರ್ ಗಟ್ಟಿ. ಇದನ್ನು ಮೊದಲ ಸಲ ಹಿಡಿದವರೆಲ್ಲ ಹೇಳುತ್ತಾರೆ. ಹ್ಯಾಮರ್, ಅಂದರೆ ಗುಂಡಿಗೆ ಏಟು ಕೊಡುವ ಹಿಂದಿನ ಭಾಗ, ಹಿಂದಕ್ಕೆ ಎಳೆದಿಟ್ಟು ಹೊಡೆದರೆ ಹಗುರ. ಹಾಗೆ ಎಳೆಯದೆ ನೇರವಾಗಿ ಟ್ರಿಗರ್ ಒತ್ತಿದರೆ ಬೆರಳು ನಡುಗುವಷ್ಟು ಬಲ ಬೇಕು, ಗುರಿ ಕೆಳಕ್ಕೆ ಜಾರುತ್ತದೆ. ಕೆಲವರು ಒಳಗಿನ ಸ್ಪ್ರಿಂಗ್ ಸಡಿಲ ಮಾಡಿಸುವ ಯೋಚನೆ ಮಾಡುತ್ತಾರೆ. ದಯವಿಟ್ಟು ಮಾಡಿಸಬೇಡಿ. ಆ ಸ್ಪ್ರಿಂಗಿನ ಬಲದಿಂದಲೇ ಗುಂಡಿನ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಕ್ಯಾಪಿಗೆ ಸರಿಯಾದ ಏಟು ಬೀಳುವುದು. ಸ್ಪ್ರಿಂಗ್ ಸಡಿಲವಾದರೆ ಬೆರಳಿಗೆ ಸುಖ, ಆದರೆ ಗುಂಡು ಹಾರುವ ಖಾತ್ರಿ ಹೋಯಿತು. ಖಾಲಿ ರಿವಾಲ್ವರಿಗೆ ಡಮ್ಮಿ ಗುಂಡು ಹಾಕಿ ಟ್ರಿಗರ್ ಎಳೆಯುವ ಅಭ್ಯಾಸ ಮಾಡಿ. ನಿಜವಾದ ಗುಂಡುಗಳು ಆ ಕೋಣೆಯಲ್ಲೇ ಇರಬಾರದು. ಬೆರಳು ತಾನಾಗಿ ಪಳಗುತ್ತದೆ.

ಇನ್ನು ಗುಂಡಿನ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು.

.32ರ ಗುಂಡಿನ ಪೆಟ್ಟಿಗೆಯ ಮೇಲೆ 7.65×23 ಮಿ.ಮೀ. ಎಂದು ಅಳತೆ ನೋಡಿರಬಹುದು. ಹಿತ್ತಾಳೆಯ ಕೋಶ, ಒಳಗೆ ಮದ್ದು, ಹಿಂದೆ ಕ್ಯಾಪು, ಮುಂದೆ ಸೀಸ. ಹೊರಗಿನಿಂದ ನೋಡಿದರೆ ವರ್ಷಗಟ್ಟಲೆ ಏನೂ ಆಗದು ಎಂದು ಕಾಣುತ್ತದೆ. ಒಣ ಊರಿನಲ್ಲಿ ಅದು ನಿಜವೂ ಹೌದು. ನಮ್ಮಲ್ಲಿ ಜೂನ್ ಬಂದರೆ ಗೋಡೆ ಬೆವರುತ್ತದೆ, ಕಪಾಟಿನೊಳಗಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಹಿತ್ತಾಳೆ ಹಸಿರಾಗುತ್ತದೆ. ಕ್ಯಾಪಿನ ಸುತ್ತ ಇರುವ ಕೂದಲೆಳೆಯಷ್ಟು ಸಂದಿಯಲ್ಲಿ ತೇವ, ಎಣ್ಣೆ ಎರಡೂ ನುಸುಳಬಹುದು. ಎಣ್ಣೆ ಎಂದಾಗ ನೆನಪಿಡಿ, ರಿವಾಲ್ವರಿಗೆ ಎಣ್ಣೆ ಹಾಕಿ ಅದೇ ಒದ್ದೆ ಸಿಲಿಂಡರಿಗೆ ಗುಂಡು ತುಂಬಿ ಇಟ್ಟರೆ ನೀವೇ ಗುಂಡು ಹಾಳು ಮಾಡಿದ ಹಾಗೆ.

ನಮ್ಮ ಗುಂಪಿನಲ್ಲಿ ಒಬ್ಬರು ಬ್ಯಾಂಕಿನ ಕಾವಲಿಗಿದ್ದ ಮಾಜಿ ಸೈನಿಕರು. ಸೈನ್ಯದಲ್ಲಿ ಆಯುಧ ರಿಪೇರಿಯ ಕೆಲಸದಲ್ಲಿದ್ದವರು. ಅವರ ಜೊತೆ ಅನುಮತಿ ಇರುವ ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಜಾಗದಲ್ಲಿ, ಹಳೇ ಗುಂಡು, ಹೊಸ ಗುಂಡು ಎರಡನ್ನೂ ಹೊಡೆದು ನೋಡಿದೆವು. ಹೊಸ ಪೆಟ್ಟಿಗೆಯದು ಒಂದೂ ತಪ್ಪಲಿಲ್ಲ. ಬಹಳ ವರ್ಷ ತೊಗಲಿನ ಬೆಲ್ಟಿನಲ್ಲಿ ಸಿಕ್ಕಿಸಿಟ್ಟಿದ್ದ ಹಳೇ ಗುಂಡುಗಳಲ್ಲಿ ಕೆಲವು ಹಾರಲೇ ಇಲ್ಲ. ಕ್ಯಾಪಿನ ಮೇಲೆ ಏಟಿನ ಗುರುತು ಆಳವಾಗಿಯೇ ಬಿದ್ದಿತ್ತು. ಅಂದರೆ ರಿವಾಲ್ವರ್ ತನ್ನ ಕೆಲಸ ಮಾಡಿದೆ, ಗುಂಡು ಸತ್ತಿದೆ. ಏಟಿನ ಗುರುತು ಆಳವಿಲ್ಲದೆ ತೆಳ್ಳಗೆ ಮಾತ್ರ ಬಿದ್ದಿದ್ದರೆ ಸ್ಪ್ರಿಂಗಿನ ಮೇಲೆ ಸಂಶಯ ಪಡಬೇಕು. ಹಾರದ ಗುಂಡನ್ನು ಹೀಗೆ ನೋಡಿದರೆ ತಪ್ಪು ಯಾರದು ಎಂದು ತಿಳಿಯುತ್ತದೆ. ಆದರೆ ತಕ್ಷಣ ತೆರೆದು ನೋಡಬಾರದು. ರೇಂಜಿನಲ್ಲಿ ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ತಡವಾಗಿ ಹೊತ್ತಿಕೊಳ್ಳುವ ಗುಂಡೂ ಉಂಟು.

ಅದಕ್ಕಿಂತ ಅಪಾಯದ್ದು ಇನ್ನೊಂದು. "ಢಂ" ಎನ್ನುವ ಬದಲು "ಪಟ್" ಎಂದು ಸಣ್ಣ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಮದ್ದು ಸರಿಯಾಗಿ ಉರಿಯದೆ ಸೀಸ ನಳಿಗೆಯ ಮಧ್ಯದಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಗುಂಡು ಬಿಟ್ಟರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಹಾರದಿದ್ದರೆ ಮತ್ತೆ ಎಳಿ ಎಂಬ ರಿವಾಲ್ವರಿನ ದೊಡ್ಡ ಗುಣ ಇಲ್ಲಿ ಮಾತ್ರ ತಿರುಗುಬಾಣವಾಗುತ್ತದೆ. ಮಾಜಿ ಸೈನಿಕರು ಹೇಳಿದ್ದು ಹೀಗೆ: "ಸದ್ದೇ ಇಲ್ಲದಿದ್ದರೆ ಒಂದು ಲೆಕ್ಕ, ಸದ್ದು ಸಣ್ಣಗಾದರೆ ಬೇರೆಯೇ ಲೆಕ್ಕ. ಸಣ್ಣ ಸದ್ದಿಗೆ ಜಾಸ್ತಿ ಹೆದರಬೇಕು ಮಾರಾಯ್ರೆ."

ಗುಂಡು ಎಷ್ಟು ಕೊಳ್ಳಬಹುದು, ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಎಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಆ ಲೆಕ್ಕ ದಾಟುವ ಹಾಗಿಲ್ಲ. ಇದರಿಂದ ಒಂದು ಅಭ್ಯಾಸ ಬೆಳೆದಿದೆ. ಜನ ಗುಂಡನ್ನು ಖರ್ಚು ಮಾಡದೆ ಚಿನ್ನದ ಹಾಗೆ ಕಾದಿಡುತ್ತಾರೆ. ನಾನು ಹೇಳುವುದು ಉಲ್ಟಾ. ಹಳೆಯದನ್ನು ರೇಂಜಿನಲ್ಲಿ ಹೊಡೆದು ಮುಗಿಸಿ, ಹೊಸತು ತನ್ನಿ. ಮಳೆಗಾಲ ಕಳೆದ ಮೇಲೆ ಬದಲಾಯಿಸಿದರೆ ಒಳ್ಳೆಯದು. ಅಂಗಡಿಯಲ್ಲಿ ಪೆಟ್ಟಿಗೆ ತೆಗೆದುಕೊಳ್ಳುವಾಗ ತಯಾರಾದ ವರ್ಷ ನೋಡಿ. ಧೂಳು ಹಿಡಿದ ಪೆಟ್ಟಿಗೆ ಕೊಟ್ಟರೆ ಬೇಡ ಎನ್ನಿ. ನನಗೆ ಒಂದು ಅಂಗಡಿಯಲ್ಲಿ ಪೆಟ್ಟಿಗೆಯೇ ಇಲ್ಲದೆ ಬಿಡಿ ಗುಂಡು ಕಾಗದದಲ್ಲಿ ಸುತ್ತಿ ಕೊಡಲು ನೋಡಿದರು. ವರ್ಷ ಕೇಳಿದರೆ "ಎಲ್ಲ ಒಂದೇ, ಎಂತ ಆಗುವುದಿಲ್ಲ" ಎಂದರು. ನಾನು ತೆಗೆದುಕೊಳ್ಳಲಿಲ್ಲ.

ತುಕ್ಕಿನ ವಿಷಯಕ್ಕೆ ಬರುತ್ತೇನೆ. 2024ರ ಲೋಕಸಭಾ ಚುನಾವಣೆ ನೆನಪಿರಬಹುದು. ನೀತಿಸಂಹಿತೆ ಮಾರ್ಚ್ 16ಕ್ಕೆ ಜಾರಿಯಾಯಿತು. ಕೇರಳದಲ್ಲಿ ಮತದಾನ ಏಪ್ರಿಲ್ 26ಕ್ಕೆ ಮುಗಿಯಿತು. ಎಣಿಕೆ ಜೂನ್ 4ಕ್ಕೆ. ಚುನಾವಣೆ ಬಂದರೆ ಹೆಚ್ಚಾಗಿ ಲೈಸೆನ್ಸಿನ ಆಯುಧ ಠಾಣೆಗೆ ಒಪ್ಪಿಸಬೇಕಾಗುತ್ತದೆ. ಆ ವರ್ಷ ಮೇ 30ಕ್ಕೇ ಮುಂಗಾರು ಕೇರಳಕ್ಕೆ ಬಂದಿತ್ತು. ಅಂದರೆ ಒಣ ಹವೆಯಲ್ಲಿ ಕೊಟ್ಟ ರಿವಾಲ್ವರನ್ನು ಸುರಿಯುವ ಮಳೆಯಲ್ಲಿ ವಾಪಸು ತಂದೆವು. ನನ್ನದರ ಹ್ಯಾಮರಿನ ಬುಡದಲ್ಲಿ, ಸಿಲಿಂಡರಿನ ಹಲ್ಲುಗಳಲ್ಲಿ ಕೆಂಪು ಚುಕ್ಕೆ ಎದ್ದಿತ್ತು. ಇದರಲ್ಲಿ ಯಾರನ್ನೂ ದೂರುವುದಿಲ್ಲ. ಅಷ್ಟೊಂದು ಜನರ ಕೋವಿ ಒಂದೇ ಕೋಣೆಯಲ್ಲಿ ಇಡುವಾಗ ಒಂದೊಂದಕ್ಕೂ ಎಣ್ಣೆ ಹಾಕಲು ಆಗುತ್ತದಾ? ಆದರೆ ನಮ್ಮ ಕಡೆಯಿಂದ ಮಾಡಬಹುದಾದದ್ದು ಉಂಟು. ಕೊಡುವ ಮೊದಲು ನಳಿಗೆಯ ಒಳಗೂ ಹೊರಗೂ ಸ್ವಲ್ಪ ಜಾಸ್ತಿಯೇ ಗನ್ ಆಯಿಲ್ ಹಾಕಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟು ಕೊಡಿ. ರಶೀದಿಯಲ್ಲಿ ನಂಬರ್ ಸರಿ ಬರೆದಿದ್ದಾರಾ ನೋಡಿ. ವಾಪಸು ತಂದ ದಿನವೇ ಬಿಚ್ಚಿ ಒರೆಸಿ.

ತೊಗಲಿನ ಹೋಲ್ಸ್ಟರ್ ತುಂಬಾ ಚಂದ. ಅದರೊಳಗೆ ರಿವಾಲ್ವರ್ ಇಟ್ಟು ಕಪಾಟಿಗೆ ಹಾಕುವವರೇ ಜಾಸ್ತಿ. ಮಳೆ ಜೋರಾಗಿರುವ ಆಟಿ ತಿಂಗಳು ಮುಗಿದ ಮೇಲೆ ಒಮ್ಮೆ ತೆಗೆದು ನೋಡಿ. ತೊಗಲು ತೇವ ಹಿಡಿದುಕೊಳ್ಳುತ್ತದೆ, ಹದ ಮಾಡುವಾಗ ಹಾಕಿದ ಉಪ್ಪು, ರಾಸಾಯನಿಕ ಅದರಲ್ಲೇ ಇರುತ್ತದೆ. ಸ್ಟೀಲಿನ ಮೇಲೆ ಹೋಲ್ಸ್ಟರಿನ ಹೊಲಿಗೆಯ ಗುರುತೇ ತುಕ್ಕಾಗಿ ಮೂಡಿದ್ದನ್ನು ಒಬ್ಬರ ಮನೆಯಲ್ಲಿ ನೋಡಿದ್ದೇನೆ. ಹೊರಗೆ ಹೋಗುವಾಗ ಮಾತ್ರ ಹೋಲ್ಸ್ಟರ್. ಮನೆಗೆ ಬಂದ ಮೇಲೆ ಎಣ್ಣೆ ಬಟ್ಟೆ, ಬೀಗ ಇರುವ ಲಾಕರ್, ಅದರೊಳಗೆ ಸಿಲಿಕಾ ಜೆಲ್. ಪೊಟ್ಟಣ ತೇವ ಹೀರಿ ಹೀರಿ ಸಾಕಾದಾಗ ಬದಲಾಯಿಸಬೇಕು. ಗುಂಡು ಬೇರೆ ಡಬ್ಬಿಯಲ್ಲಿ, ಬೇರೆ ಬೀಗದಲ್ಲಿ.

ತೆಂಗಿನೆಣ್ಣೆ ಹಾಕುವವರಿಗೂ ಒಂದು ಮಾತು. ನಮ್ಮಲ್ಲಿ ಬಾಗಿಲಿನ ತಿರುಗಣೆಯಿಂದ ಹಿಡಿದು ಎಲ್ಲದಕ್ಕೂ ಅದೇ ತಾನೆ. ರಿವಾಲ್ವರಿಗೆ ಬೇಡ. ಕೆಲವು ತಿಂಗಳಲ್ಲಿ ಅದು ಅಂಟಂಟಾಗುತ್ತದೆ, ಧೂಳು ಹಿಡಿಯುತ್ತದೆ. ಡಿಸೆಂಬರಿನ ಬೆಳಗ್ಗೆ ಅಡೂರು ಕಡೆಯ ಗುಡ್ಡದಲ್ಲಿ ಗಟ್ಟಿಯೂ ಆಗುತ್ತದೆ. ಅಂಥ ಎಣ್ಣೆ ಹಾಕಿದ ಹ್ಯಾಮರ್ ನಿಧಾನಕ್ಕೆ ಬಿದ್ದು ಗುಂಡು ಹಾರದಿದ್ದರೆ ಅದಕ್ಕೆ ಕಂಪನಿ ಎಂತ ಮಾಡಬೇಕು? ಗನ್ ಆಯಿಲ್ ಸಿಗದಿದ್ದರೆ ಹೊಲಿಗೆ ಮಿಷನ್ನಿನ ಎಣ್ಣೆ ಆದೀತು, ತೆಳ್ಳಗೆ.

ಈಗ ಬೇರೆಯವರ ಅನುಭವ. ಬದಿಯಡ್ಕ ಕಡೆ ಒಬ್ಬರು ಡಾಕ್ಟ್ರಮ್ಮ ಇದ್ದಾರೆ. ಅವರ ಹತ್ತಿರ ಇರುವುದು ನಿರ್ಭೀಕ್. 2014ರಲ್ಲಿ ಕಾನ್ಪುರದಿಂದ ಬಂದದ್ದು, ಹೆಂಗಸರಿಗಾಗಿ ಎಂದೇ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಟೈಟಾನಿಯಂ ಮಿಶ್ರಲೋಹ, ತೂಕ 500 ಗ್ರಾಂ ಆಸುಪಾಸು, ಆಗಿನ ಬೆಲೆ ಸುಮಾರು 1.22 ಲಕ್ಷ. ಹೊಡೆಯುವ ಗುಂಡು ನನ್ನದರದ್ದೇ. ಕೈಚೀಲದಲ್ಲಿ ಭಾರವೇ ಗೊತ್ತಾಗುವುದಿಲ್ಲ ಎಂದು ಡಾಕ್ಟ್ರಮ್ಮನಿಗೆ ಖುಷಿ. ಅವರದ್ದು ಒಮ್ಮೆಯೂ ಕೈಕೊಟ್ಟಿಲ್ಲ. ತುಕ್ಕಿನ ರಗಳೆಯೂ ನನ್ನದಕ್ಕಿಂತ ಕಡಿಮೆ. ನಾನು ಹೊಡೆದು ನೋಡಿದಾಗ ಒದೆತ ಜಾಸ್ತಿ ಅನ್ನಿಸಿತು. ಅದು ಹಗುರವಾದ ಯಾವ ರಿವಾಲ್ವರಿಗೂ ಇರುವುದೇ. ದಿನವಿಡೀ ಜೊತೆಯಲ್ಲಿ ಇಟ್ಟುಕೊಳ್ಳುವವರಿಗೆ ನಿರ್ಭೀಕ್ ಸರಿ. ಮನೆಯಲ್ಲಿ, ಅಂಗಡಿಯಲ್ಲಿ ಇಡುವವರು ಹಗುರಕ್ಕಾಗಿ ಹೆಚ್ಚಿನ ದುಡ್ಡು ಕೊಡುವುದರಲ್ಲಿ ಅರ್ಥ ಇಲ್ಲ ಎಂಬುದು ನನ್ನ ಅಭಿಪ್ರಾಯ. ಡಾಕ್ಟ್ರಮ್ಮ ಇದನ್ನು ಒಪ್ಪುವುದಿಲ್ಲ.

.22 ತೆಗೆದುಕೊಳ್ಳಲಾ ಎಂದು ಕೇಳುವವರೂ ಇದ್ದಾರೆ. ಈಶಾಪುರ ಕಾರ್ಖಾನೆಯ ನಿಡರ್ ಎಂಬ ಪುಟ್ಟ ರಿವಾಲ್ವರ್ ಆ ಅಳತೆಯದು. ಅದನ್ನು ನಾನು ಹೊಡೆದು ನೋಡಿಲ್ಲ, ಹಾಗಾಗಿ ಅದರ ಬಗ್ಗೆ ಹೇಳುವುದಿಲ್ಲ. .22 ಗುಂಡಿನ ಬಗ್ಗೆ ಮಾತ್ರ ಹೇಳಬಹುದು. ಅದಕ್ಕೆ ಬೇರೆ ಕ್ಯಾಪು ಇಲ್ಲ. ಹೊತ್ತಿಕೊಳ್ಳುವ ಮದ್ದು ಕೋಶದ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಎಲ್ಲಾದರೂ ಒಂದು ಕಡೆ ಮದ್ದು ಕೂತಿಲ್ಲ, ಏಟು ಅಲ್ಲಿಗೇ ಬಿತ್ತು ಎಂದರೆ ಗುಂಡು ಹಾರುವುದಿಲ್ಲ. ಎಷ್ಟು ಒಳ್ಳೆಯ ಆಯುಧವಾದರೂ ಈ ಗುಂಡಿನಲ್ಲಿ .32ಕ್ಕಿಂತ ತಪ್ಪು ಜಾಸ್ತಿ. ಗುರಿ ಕಲಿಯಲು ಚೆನ್ನ. ಪ್ರಾಣದ ಹೊತ್ತಿಗೆ ನನಗೆ .32 ಬೇಕು.

ಸೆಕೆಂಡ್ ಹ್ಯಾಂಡಿನ ಕಥೆ ಇದಕ್ಕಿಂತ ಬೇಸರದ್ದು. ಮುಳ್ಳೇರಿಯ ಕಡೆಯ ನನ್ನ ಒಬ್ಬ ವ್ಯಾಪಾರಿ ಗೆಳೆಯ ಡೀಲರ್ ಮೂಲಕ ಹಳೇ .32 ತೆಗೆದುಕೊಂಡ. ಖಾಸಗಿ ತಯಾರಿಕೆ. ಹೆಸರು ಇಲ್ಲಿ ಬೇಡ. ಹೊಸತಾಗಿ ನಿಕ್ಕಲ್ ಹಾಕಿಸಿದ್ದರು, ಬೆಳ್ಳಿಯ ಹೊಳಪು. ಬೆಲೆ ಹೊಸದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಕೈಗೆ ತೆಗೆದುಕೊಂಡ ಮಾಜಿ ಸೈನಿಕರು ಮಾತಾಡಲಿಲ್ಲ. ಖಾಲಿ ಇದೆಯೆಂದು ಎರಡು ಸಲ ನೋಡಿದರು. ಹ್ಯಾಮರ್ ಎಳೆದು ನಿಲ್ಲಿಸಿ, ಸಿಲಿಂಡರನ್ನು ಬೆರಳಿನಿಂದ ಅಲ್ಲಾಡಿಸಿದರು. ಆಡುತ್ತಿತ್ತು. ಸಿಲಿಂಡರಿನಲ್ಲಿ ಗುಂಡು ಕೂರುವ ಆರು ಕೋಣೆಗಳಲ್ಲಿ ಎರಡಂತೂ ನಳಿಗೆಯ ಎದುರಿಗೆ ಸರಿಯಾಗಿ ನಿಲ್ಲುತ್ತಲೇ ಇರಲಿಲ್ಲ. ಆಮೇಲೆ ನಳಿಗೆ ಮತ್ತು ಹಿಡಿಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿದರು. ಕೀಲು, ಚಿಲಕ ಎರಡೂ ಸಡಿಲ.

ಹೀಗಿದ್ದರೆ ಏನಾಗುತ್ತದೆ? ಸಿಲಿಂಡರಿನಿಂದ ಹೊರಟ ಸೀಸ ನಳಿಗೆಯ ಬಾಯಿಗೆ ನೇರ ಹೋಗದೆ ಅಂಚಿಗೆ ತಾಗುತ್ತದೆ. ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಹೊಡೆದವನ ಕೈಗೆ, ಪಕ್ಕದಲ್ಲಿ ನಿಂತವರ ಮುಖಕ್ಕೆ. ಗೆಳೆಯ ರೇಂಜಿನಲ್ಲಿ ಹೊಡೆದಾಗ ಹಾಗೆಯೇ ಆಯಿತು, ಹೆಬ್ಬೆರಳ ಹತ್ತಿರ ಚರ್ಮ ಹರಿಯಿತು. ಡೀಲರನಲ್ಲಿ ಹೋಗಿ ಹೇಳಿದರೆ "ಹಳೇ ಮಾಲು, ನೋಡಿಯೇ ತೆಗೆದುಕೊಂಡಿರಲ್ಲ" ಎಂಬ ಉತ್ತರ. ರಿಪೇರಿಗೆ ಲೈಸೆನ್ಸ್ ಇರುವವರೇ ಆಗಬೇಕು. ಊರಿನ ಲೇತ್ ಅಂಗಡಿಯಲ್ಲಿ ಕೊಟ್ಟರೆ ಕೊಟ್ಟವರಿಗೂ ಮಾಡಿದವರಿಗೂ ಕೇಸು. ಅಂಥವರನ್ನು ಹುಡುಕಿ, ಕಾಗದ ಮಾಡಿಸಿ, ಕಾದು, ಕೊನೆಗೆ ಹೊಸದರ ಬೆಲೆಯೇ ಬಿತ್ತು. ಇನ್ನೂ ಅವನಿಗೆ ಅದರ ಮೇಲೆ ಧೈರ್ಯ ಇಲ್ಲ. ನನಗೆ ಇದರಲ್ಲಿ ಸಿಟ್ಟು ಬಂದದ್ದು ಆ ನಿಕ್ಕಲಿನ ಹೊಳಪಿನ ಮೇಲೆ. ಸವೆದದ್ದನ್ನು ಮುಚ್ಚಿ ಮಾರುವುದು ಯಾವ ವ್ಯಾಪಾರದಲ್ಲೂ ಮೋಸ. ಪ್ರಾಣ ಕಾಯುವ ವಸ್ತುವಿನಲ್ಲಿ ಅದು ಇನ್ನೂ ಕೆಟ್ಟದ್ದು.

ಹಾಗಾಗಿ ಡೀಲರನ ಎದುರಿಗೇ ಇಷ್ಟನ್ನು ನೋಡಿ, ಹೊಸತಾದರೂ ನೋಡಿ. ಖಾಲಿ ಇದೆಯೆಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಆರೂ ಕೋಣೆಗೆ ಒಂದೊಂದಾಗಿ ಹ್ಯಾಮರ್ ಎಳೆದು ಸಿಲಿಂಡರ್ ಗಟ್ಟಿಯಾಗಿ ಕೂರುತ್ತದಾ ಎಂದು ಅಲ್ಲಾಡಿಸಿ. ಚಿಲಕ ಹಾಕಿದ ಮೇಲೆ ನಳಿಗೆ ಕದಲಬಾರದು. ಬೆಳಕಿಗೆ ಹಿಡಿದು ನಳಿಗೆಯ ಒಳಗಿನ ಸುತ್ತುಗೆರೆ ಚೂಪಾಗಿದೆಯಾ ನೋಡಿ. ಚಿಲಕ ತೆಗೆದು ಮಡಚಿದಾಗ ನಕ್ಷತ್ರದ ತಟ್ಟೆ ಪೂರ್ತಿ ಮೇಲೇಳಬೇಕು, ಪಟಕ್ಕನೆ ಒಳಗೆ ಹೋಗಬೇಕು. ಆ ತಟ್ಟೆಯ ಅಡಿಗೆ ಉರಿಯದ ಮದ್ದಿನ ಒಂದೆರಡು ಕಾಳು ಸಿಕ್ಕಿಕೊಂಡರೆ ಸಾಕು, ಸಿಲಿಂಡರ್ ತಿರುಗುವುದೇ ಇಲ್ಲ. ರಿವಾಲ್ವರ್ ಜಾಮ್ ಆಯಿತು ಎಂದು ನನ್ನಲ್ಲಿಗೆ ಬಂದ ದೂರುಗಳಲ್ಲಿ ಇದು ಉಂಟು. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕಿದರೆ ಸರಿಯಾಗುತ್ತದೆ. ಇನ್ನೊಂದು, ಮಡಚುವ ರಿವಾಲ್ವರನ್ನು ಮೆಲ್ಲಗೆ ತೆರೆಯಬಾರದು. ಅರ್ಧಕ್ಕೆ ನಿಲ್ಲಿಸಿದರೆ ಖಾಲಿ ಕೋಶ ಜಾರಿ ತಟ್ಟೆಯ ಅಡಿಗೆ ಹೋಗಿ ಕೂರುತ್ತದೆ. ಒಂದೇ ಸಲಕ್ಕೆ ಪೂರ್ತಿ ತೆರೆಯಬೇಕು.

ಈ ಕೀಲಿನ ಚಿಂತೆ ಬೇಡ ಎನ್ನುವವರಿಗೆ ಈಗ ಪ್ರಬಲ್ ಉಂಟು. 2023ರ ಆಗಸ್ಟಿನಲ್ಲಿ ಕಾನ್ಪುರದ ಸ್ಮಾಲ್ ಆರ್ಮ್ಸ್ ಕಾರ್ಖಾನೆಯಿಂದ ಬಂತು. ಹಳೇ ಆರ್ಡ್ನೆನ್ಸ್ ಕಾರ್ಖಾನೆಗಳನ್ನು 2021ರ ಅಕ್ಟೋಬರಿನಲ್ಲಿ ಏಳು ಕಂಪನಿಗಳಾಗಿ ಮಾಡಿದರಲ್ಲ, ಅದರಲ್ಲಿ ಆಯುಧಗಳ ಕಂಪನಿಯ ತಯಾರಿಕೆ ಇದು. ಇದರಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ, ನಳಿಗೆ ಮಡಚುವುದಿಲ್ಲ. ಚೌಕಟ್ಟು ಒಂದೇ ತುಂಡಿನ ಹಾಗೆ ಗಟ್ಟಿ. ತೂಕ 700 ಗ್ರಾಂ, ನಳಿಗೆ 76 ಮಿ.ಮೀ. ಐವತ್ತು ಮೀಟರಿನವರೆಗೆ ಹೊಡೆಯಬಹುದು ಎಂದು ಹೇಳುತ್ತಾರೆ. ಮೂರು ಇಂಚಿನ ನಳಿಗೆಯಲ್ಲಿ ಅಷ್ಟು ದೂರಕ್ಕೆ ಗುರಿ ಹಿಡಿಯುವ ಕೈ ನನ್ನದಲ್ಲ, ನಿಮಗೂ ಅದರ ಅಗತ್ಯ ಬೀಳದು. ಡೀಲರನಲ್ಲಿ ಕೈಯಲ್ಲಿ ಹಿಡಿದು ನೋಡಿದೆ. ಸಿಲಿಂಡರ್ ಕೂರುವ ಸದ್ದು ಚೆನ್ನಾಗಿದೆ. ಈಗ ಹೊಸತಾಗಿ ತೆಗೆದುಕೊಳ್ಳುವುದಾದರೆ ನಾನು ಇದನ್ನೇ ನೋಡುತ್ತಿದ್ದೆ. ಆದರೆ ಬಂದು ಬಹಳ ವರ್ಷ ಆಗಿಲ್ಲ. ಹತ್ತು ಮಳೆಗಾಲ ಕಂಡ ಪ್ರಬಲ್ ನಮ್ಮ ಊರಲ್ಲಿ ಇನ್ನೂ ಇಲ್ಲ.

ಗಡಿಯ ಕಷ್ಟ ಹೇಳದೆ ಈ ಬರಹ ಮುಗಿಸಲಾಗದು. ಲೈಸೆನ್ಸ್ ಎಲ್ಲಿಯವರೆಗೆ ನಡೆಯುತ್ತದೆ ಎಂದು ಅದರಲ್ಲೇ ಬರೆದಿರುತ್ತದೆ. ಕೇರಳಕ್ಕೆ ಮಾತ್ರ ಎಂದಿದ್ದರೆ ಗಡಿಯ ಸಾರಡ್ಕ ದಾಟಿ ಕರ್ನಾಟಕದ ಅಡ್ಯನಡ್ಕಕ್ಕೆ ಕಾಲಿಟ್ಟ ಕೂಡಲೇ ನೀವು ಕಾನೂನು ಮುರಿದಿರಿ. ನಮ್ಮ ಅಡಿಕೆ ಹೋಗುವುದು ವಿಟ್ಲ, ಪುತ್ತೂರು, ಮಂಗಳೂರಿಗೆ. ಮದುವೆ, ಆಸ್ಪತ್ರೆ, ನೆಂಟರು ಎಲ್ಲ ಆ ಕಡೆ. ದುಡ್ಡು ಹಿಡಿದುಕೊಂಡು ಬರುವ ದಾರಿಯ ಅರ್ಧದಲ್ಲಿ ರಿವಾಲ್ವರ್ ಜೊತೆಗಿರಬಾರದು ಎಂದರೆ ಅದು ಇದ್ದು ಎಂತ ಪ್ರಯೋಜನ? ಇಡೀ ದೇಶಕ್ಕೆ ನಡೆಯುವ ಲೈಸೆನ್ಸಿಗೆ ಬೇರೆ ಅರ್ಜಿ, ಕಾರಣ, ಕಾಯುವಿಕೆ. ಗಡಿಯಲ್ಲಿರುವವರು ರಿವಾಲ್ವರ್ ಆರಿಸುವ ಮೊದಲು ಇದನ್ನು ವಿಚಾರಿಸಿ. 2016ರ ಆಯುಧ ನಿಯಮದ ಪ್ರಕಾರ ತರಬೇತಿಯ ಸರ್ಟಿಫಿಕೇಟ್ ಬೇಕು. ಅದನ್ನು ಸುಮ್ನೆ ಕಾಗದದ ಕೆಲಸ ಎಂದು ಮುಗಿಸಬೇಡಿ, ಕಲಿಸುವವರಲ್ಲಿ ಕೂತು ಕಲಿಯಿರಿ. 2019ರ ತಿದ್ದುಪಡಿಯ ಮೇಲೆ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷವಾಗಿದೆ, ಅದೊಂದು ಅನುಕೂಲ. ಅದೇ ತಿದ್ದುಪಡಿ ಮದುವೆ, ಜಾತ್ರೆಯಲ್ಲಿ ಖುಷಿಗೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಎಂದೂ ಹೇಳಿದೆ. ತುಂಬಾ ಒಳ್ಳೆಯ ಕೆಲಸ ಮಾಡಿದರು.

ಮನೆಯಲ್ಲಿ ಅಪ್ಪನ ಹೆಸರಿನಲ್ಲಿ ಒಳ್ಳೆಯ ರಿವಾಲ್ವರ್ ಇದ್ದರೆ ಹೊಸತು ಹುಡುಕುವ ಮೊದಲು ಅದನ್ನೇ ಕೇಳಿ. ಲೈಸೆನ್ಸ್ ಇದ್ದವರಿಗೆ 70 ವರ್ಷ ಆದರೆ, ಇಲ್ಲವೇ 25 ವರ್ಷ ಲೈಸೆನ್ಸ್ ಇಟ್ಟುಕೊಂಡಿದ್ದರೆ ವಾರಸುದಾರರ ಹೆಸರಿಗೆ ಕೊಡುವ ದಾರಿ ನಿಯಮದಲ್ಲೇ ಉಂಟು. ಯಾರ ಕೈಯಲ್ಲಿ ಇತ್ತು, ಎಷ್ಟು ಹೊಡೆದಿದ್ದಾರೆ ಎಂದು ಗೊತ್ತಿರುವ ಹಳೇ ಆಯುಧ ಡೀಲರನ ಸೆಕೆಂಡ್ ಹ್ಯಾಂಡಿಗಿಂತ ಎಷ್ಟೋ ಮೇಲು.

ಬೆಲೆಯ ಬಗ್ಗೆ ಕೊನೆಗೆ. 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್, ಪಿಸ್ತೂಲಿನ ಜಿಎಸ್‌ಟಿ ಶೇ. 28ರಿಂದ ಶೇ. 40ಕ್ಕೆ ಏರಿತು. ಮೊದಲು ಯಾರೋ ಹೇಳಿದ ರೇಟು ಹಿಡಿದು ಹೊರಡಬೇಡಿ, ತೆರಿಗೆ ಸೇರಿಸಿ ಎಷ್ಟು ಎಂದು ಬರೆದು ಕೊಡಲು ಹೇಳಿ. ಅದರ ಜೊತೆಗೆ ಲಾಕರ್, ಎಣ್ಣೆ, ಬ್ರಷ್, ಡಮ್ಮಿ ಗುಂಡು, ಒಂದು ಹೊಸ ಪೆಟ್ಟಿಗೆ ಗುಂಡು, ರೇಂಜಿನ ಖರ್ಚು ಇಷ್ಟನ್ನೂ ಲೆಕ್ಕಕ್ಕೆ ಹಿಡಿಯಿರಿ. ಪೂರ್ತಿ ಬಜೆಟ್ಟನ್ನು ರಿವಾಲ್ವರಿಗೇ ಸುರಿಯುವ ಬದಲು ಸಾದಾ ಸ್ಟೀಲಿನದು ತೆಗೆದುಕೊಂಡು ಉಳಿದ ದುಡ್ಡನ್ನು ಇವುಗಳಿಗೆ ಇಡಿ. ನನ್ನದನ್ನು ಈ ಸಲ ಮಳೆ ಶುರುವಾಗುವ ಮೊದಲೇ ಬಿಚ್ಚಿ ಎಣ್ಣೆ ಹಾಕಿದ್ದೇನೆ. ಹಳೇ ಗುಂಡು ಖಾಲಿ ಮಾಡಿ ಹೊಸ ಪೆಟ್ಟಿಗೆಗೆ ಹೇಳಿಯಾಗಿದೆ.